ಬಾಗಿಲಿಗೆ ಮುಖ ಮಾಡಿ ಕೂರುವವರು

ಅವರ ಹೆಗಲ ಮೇಲೆ ಮೊದಲ ಸಲ ಕೈ ಇಟ್ಟಾಗ ನಾನಿನ್ನೂ ಅವರ ಮುಖವನ್ನೇ ನೋಡಿರಲಿಲ್ಲ.

ಅಲ್ಲಿಯ ನಿಯಮವೇ ಹಾಗೆ. ಯಾರನ್ನು ಆರಿಸಿಕೊಳ್ಳುತ್ತೇವೋ ಅವರ ಬೆನ್ನ ಹಿಂದೆ ಹೋಗಿ ನಿಲ್ಲಬೇಕು. ಎರಡೂ ಹೆಗಲ ಮೇಲೆ ಕೈ ಇಟ್ಟು, ಮನಸ್ಸಿಗೆ ಸರಿ ಎನಿಸಿದ ಜಾಗಕ್ಕೆ ಮೆಲ್ಲಗೆ ನಡೆಸಿಕೊಂಡು ಹೋಗಿ ನಿಲ್ಲಿಸಬೇಕು. ಯೋಚನೆ ಮಾಡಬಾರದು. ಯೋಚನೆ ಮಾಡಬೇಡ ಎಂದು ನನಗೆ ಹೇಳುವುದೂ ಒಂದೇ, ಮೀನಿಗೆ ನೀರು ಮುಟ್ಟಬೇಡ ಎನ್ನುವುದೂ ಒಂದೇ.

ಅದೊಂದು ಡ್ಯಾನ್ಸ್ ಸ್ಕೂಲಿನ ಮಹಡಿ. ಗೋಡೆಯುದ್ದಕ್ಕೂ ಇದ್ದ ಕನ್ನಡಿಗಳಿಗೆ ಹಳೆಯ ಬೆಡ್‌ಶೀಟುಗಳನ್ನು ಇಳಿಬಿಟ್ಟಿದ್ದರು. ನಾವೆಲ್ಲ ಸುತ್ತ ಕುರ್ಚಿ ಹಾಕಿಕೊಂಡು ಕೂತಿದ್ದೆವು. ಪ್ರತಿ ವಾರ ಒಬ್ಬರ ಮನೆಯ ಸರದಿ. ಉಳಿದವರು ಆ ಮನೆಯವರಾಗಿ ನಿಲ್ಲುತ್ತಾರೆ. ಒಬ್ಬರು ಅಪ್ಪ, ಒಬ್ಬರು ಅಮ್ಮ, ಒಬ್ಬರು ಎಂದೋ ತೀರಿಕೊಂಡ ಮುತ್ತಜ್ಜ. ಆ ಮನೆಯ ಕಥೆ ಅವರಿಗೆ ಗೊತ್ತಿರುವುದಿಲ್ಲ. ಆದರೂ ನಿಂತ ಸ್ವಲ್ಪ ಹೊತ್ತಿಗೆ ಏನೋ ಅನಿಸತೊಡಗುತ್ತದೆ. ಕಾಲು ಭಾರ ಎನ್ನುತ್ತಾರೆ, ಆ ಕಡೆ ನೋಡಲಾರೆ ಎನ್ನುತ್ತಾರೆ. ಅದನ್ನೆಲ್ಲ ಕೇಳಿಸಿಕೊಂಡು, ತಲೆಮಾರಿನಿಂದ ತಲೆಮಾರಿಗೆ ಯಾವ ಗಂಟು ದಾಟಿ ಬಂದಿದೆ ಎಂದು ಹುಡುಕುವವರು ಗುಂಪು ನಡೆಸುವ ಅಕ್ಕ.

ಇದನ್ನು ನಂಬಿದ್ದೆ ಎನ್ನಲಾರೆ. ನಂಬಿರಲಿಲ್ಲ ಎನ್ನಲೂ ಆಗದು. ನನ್ನ ಕೆಲಸವೇ ಅಂಥದ್ದು. ಮಾತ್ರೆಯ ಡಬ್ಬಿಯೊಳಗೆ ಮಡಚಿ ಇಟ್ಟಿರುತ್ತಾರಲ್ಲ, ಯಾರೂ ಓದದ ಆ ಚೀಟಿಯನ್ನು ಬರೆಯುವವಳು ನಾನು. 'ಕೆಲವರಲ್ಲಿ', 'ಅಪರೂಪವಾಗಿ', 'ತೀರಾ ಅಪರೂಪವಾಗಿ' ಎಂಬವುಗಳ ನಡುವಿನ ವ್ಯತ್ಯಾಸಕ್ಕೇ ನನಗೆ ಸಂಬಳ.

"ನೀವು ಯಾಕೆ ಬಂದ್ರಿ?" ಎಂದು ಅಕ್ಕ ಕೇಳಿದ್ದರು.

"ಒಳ್ಳೆಯವರು ಸಿಕ್ಕಿದ್ರು. ಮದುವೆ ಮಾತು ಬಂದಾಗ ಸ್ವಲ್ಪ ಸಮಯ ಕೊಡಿ ಅಂದೆ. ಕೊಟ್ರು. ಮತ್ತೆ ಸ್ವಲ್ಪ ಕೊಡಿ ಅಂದೆ. ಹೀಗೇ ಕೇಳ್ತಾ ಕೇಳ್ತಾ ಅವರಿಗೆ ಸಾಕಾಗಿ ಹೋಯ್ತು."

"ನಿಮಗೆ ಇಷ್ಟ ಇರ್ಲಿಲ್ವಾ?"

"ಇಷ್ಟ ಇತ್ತು. ಅದಕ್ಕೇ ಬಂದದ್ದು."

ಅಕ್ಕ ನನ್ನನ್ನೇ ನೋಡಿದರು. "ನಿಮ್ಮ ಮನೇಲಿ ಯಾರ ಸುದ್ದಿ ಎತ್ತೋದಿಲ್ಲ?"

"ಮದುವೆಗೆ ಮುಂಚೆ ಅಜ್ಜಿಗೆ ಯಾರೋ ಇದ್ರಂತೆ. ಅಷ್ಟೇ ಗೊತ್ತು."

"ಅವರನ್ನೂ ನಿಲ್ಸಿ."

ಅಜ್ಜಿಯಾಗಿ ನಿವೃತ್ತ ಹೆಡ್‌ಮಿಸ್ ಒಬ್ಬರನ್ನು ನಿಲ್ಲಿಸಿದೆ. ಅವರನ್ನು ಎಲ್ಲರೂ ಟೀಚರಮ್ಮ ಎನ್ನುತ್ತಿದ್ದರು. ಅಮ್ಮನಾಗಿ ಒಬ್ಬ ನರ್ಸ್. ನನ್ನ ಬದಲಿಗೆ ಕಾಲೇಜು ಹುಡುಗಿಯೊಬ್ಬಳು. ಆ ಸುದ್ದಿಯೇ ಇಲ್ಲದ ಮನುಷ್ಯನಿಗೆ ಯಾರು ಎಂದು ನೋಡುವಾಗ ಕಂಡದ್ದು ಒಂದು ಬೆನ್ನು. ನೀಲಿ ಅಂಗಿ, ಕಾಲರಿನ ಮೇಲೆ ಬೆಕ್ಕಿನ ಬಿಳಿ ಕೂದಲು. ಹೋಗಿ ಹೆಗಲ ಮೇಲೆ ಕೈ ಇಟ್ಟೆ.

"ಮತ್ತೆ ನಾನೇನಾ?" ಎಂದಿತು ಬೆನ್ನು. "ಇಲ್ಲಿಗೆ ಬಂದ ಮೇಲೆ ಎರಡು ಸಲ ಸತ್ತಿದ್ದೀನಿ, ಒಂದು ಸಲ ಮನೆ ಬಿಟ್ಟು ಓಡಿಹೋಗಿದ್ದೀನಿ. ಇವತ್ತೇನು ನನ್ನ ಗತಿ?"

ಎಲ್ಲರೂ ನಕ್ಕರು. "ಸುಮ್ನೆ ನಿಂತ್ಕೊಳ್ಳಿ ಡಾಕ್ಟ್ರೇ," ಎಂದರು ಅಕ್ಕ.

ಪ್ರಾಣಿಗಳ ಡಾಕ್ಟರು ಅವರು. ಕಿಟಕಿಯ ಹತ್ತಿರ, ಅಜ್ಜಿಗೆ ದೂರದಲ್ಲಿ ಎದುರಾಗಿ ನಿಲ್ಲಿಸಿದೆ. ಕೈ ತೆಗೆದು ಮುಂದೆ ಬಂದು ನೋಡಿದೆ. ಮಾತಿನಲ್ಲಿದ್ದ ತಮಾಷೆ ಮುಖದಲ್ಲಿ ಇರಲಿಲ್ಲ. ಅವರು ಟೀಚರಮ್ಮನನ್ನು ನೋಡುತ್ತ ಹಾಗೇ ತಣ್ಣಗಾಗಿಬಿಟ್ಟಿದ್ದರು.

"ಏನನ್ಸುತ್ತೆ?" ಅಕ್ಕ ಕೇಳಿದರು.

"ಏನಿಲ್ಲ. ಇಲ್ಲಿ ನಿಂತಿರೋದು ಕಷ್ಟ ಅನ್ಸಲ್ಲ. ಎಷ್ಟು ಹೊತ್ತಾದ್ರೂ ನಿಲ್ಬಹುದು."

ಟೀಚರಮ್ಮ ಮುಖ ಮುಚ್ಚಿಕೊಂಡರು. ಆಗ ಅಕ್ಕ ಹುಡುಗಿಯನ್ನು ಕೂರಿಸಿ ನನ್ನನ್ನು ನನ್ನ ಜಾಗದಲ್ಲೇ ನಿಲ್ಲಿಸಿದರು. ಡಾಕ್ಟರ ನೋಟ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ ಬಂತು. ಬಂದದ್ದು ಅಲ್ಲೇ ಉಳಿಯಿತು. ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. ಆಸೆಯಿಂದ ನೋಡಿದ್ದಾರೆ, ಅನುಮಾನದಿಂದಲೂ ನೋಡಿದ್ದಾರೆ. ಇದು ತಡವಾಗಿ ಬಂದ ರೈಲನ್ನು ನೋಡುವ ಹಾಗಿತ್ತು. ಸಿಟ್ಟಿಲ್ಲ, ಬಂತಲ್ಲ, ಅಷ್ಟು ಸಾಕು ಎನ್ನುವ ಹಾಗೆ.

ಅಷ್ಟರಲ್ಲಿ ಟೀಚರಮ್ಮ ಬಿಕ್ಕಿ ಬಿಕ್ಕಿ ಅಳತೊಡಗಿದರು. ಎಲ್ಲರೂ ಅವರ ಕಡೆ ಓಡಿದರು. ಡಾಕ್ಟರು ನೀರು ತರಲು ಕೆಳಗಿಳಿದರು. ಅಕ್ಕ ಟೀಚರಮ್ಮನ ಹೆಗಲು ಹಿಡಿದು, "ನೀವು ಅಜ್ಜಿ ಅಲ್ಲ, ನೀವು ನೀವೇ, ನಿಂತಿದ್ದಕ್ಕೆ ಧನ್ಯವಾದ," ಎಂದು ಬಿಡಿಸಿದರು. ಕೊನೆಯಲ್ಲಿ ಹೀಗೆ ಎಲ್ಲರನ್ನೂ ಬಿಡಿಸಬೇಕು. ಇಲ್ಲದಿದ್ದರೆ ಪಾತ್ರ ಮೈಮೇಲೆ ಉಳಿದುಬಿಡುತ್ತದಂತೆ. ಹುಡುಗಿಯನ್ನು ಬಿಡಿಸಿದರು, ನರ್ಸನ್ನು ಬಿಡಿಸಿದರು. ನೀರಿನ ಬಾಟಲಿ ಹಿಡಿದು ಡಾಕ್ಟರು ಮೇಲೆ ಬರುವ ಹೊತ್ತಿಗೆ ಕುರ್ಚಿ ಮಡಚುವುದು ನಡೆದಿತ್ತು.

ಮೆಟ್ಟಿಲಿಳಿಯುವಾಗ ಅವರು ಪಕ್ಕಕ್ಕೆ ಬಂದರು.

"ನಿಮ್ಮ ಅಜ್ಜಿ ಹೇಗಿದಾರೆ ಈಗ?"

"ತೀರಿಕೊಂಡು ವರ್ಷಗಳಾದ್ವು."

"ಹೌದಾ? ನೋಡಿ, ನನಗೊಂದು ಮಾತು ತಿಳಿಸ್ಲಿಲ್ಲ ಯಾರೂ."

ಎಷ್ಟು ಗಂಭೀರವಾಗಿ ಹೇಳಿದರೆಂದರೆ, ಒಂದು ಕ್ಷಣ ತಡೆದು ಇಬ್ಬರೂ ನಕ್ಕೆವು. ಕೆಳಗಿನ ಅಂಗಡಿಯಲ್ಲಿ ಕಾಫಿ ಕುಡಿದೆವು. ಬಸ್ಸು ಹತ್ತಿ ಕೂತ ಮೇಲೆ ನನಗೆ ಹೊಳೆಯಿತು, ಅವರನ್ನು ಯಾರೂ ಬಿಡಿಸಲೇ ಇಲ್ಲವೆಂದು.

*

ಮುಂದಿನ ವಾರ ಹೇಳೋಣ ಎಂದುಕೊಂಡೆ. ಆದರೆ ಅಕ್ಕ ಮಗಳ ಬಾಣಂತನಕ್ಕೆ ಹೊರಟರು, ಗುಂಪು ನಿಂತುಹೋಯಿತು. ನಾವಿಬ್ಬರು ಮಾತ್ರ ನಿಲ್ಲಿಸಲಿಲ್ಲ. ವಾರದ ಅದೇ ದಿನ, ಅದೇ ಅಂಗಡಿ.

"ಇವತ್ತು ಯಾವ ಕಾಯಿಲೆಗೆ ಚೀಟಿ ಬರೆದ್ರಿ, ಚೀಟಿ ಮೇಡಂ?"

"ಕೆಮ್ಮಿಗೆ."

"ಅಡ್ಡ ಪರಿಣಾಮ?"

"ತೂಕಡಿಕೆ, ಬಾಯಿ ಒಣಗುವುದು. ಅಪರೂಪಕ್ಕೆ ಗೊಂದಲ."

"ನನಗೆ ಕೆಮ್ಮೇ ಇಲ್ಲ. ಮೂರೂ ಇದೆ."

ಹೀಗೆ ಮಾತು ಎಸೆದು, ಏನೂ ಆಗದವರ ಹಾಗೆ ಕಪ್ಪಿನೊಳಗೆ ನೋಡುತ್ತಿದ್ದರು. ಅವರ ಕೈತುಂಬ ಗೀರು. ಹಳೆಯದು, ಹೊಸದು, ಒಂದರ ಮೇಲೊಂದು.

"ನಿಮ್ಮ ರೋಗಿಗಳಿಗೆ ನಿಮ್ಮ ಮೇಲೆ ಇಷ್ಟೊಂದು ಪ್ರೀತೀನಾ?"

"ಇದು ಜಂಬದ ಬೆಕ್ಕು. ಇದು ಹೆದರಿದ ಬೆಕ್ಕು. ಹೆದರಿದ್ದರ ಗೀರೇ ಆಳ." ಬೆರಳಿಟ್ಟು ತೋರಿಸಿದರು. "ನೀವು ಯಾವ ಜಾತಿ?"

"ನಾನು ಪರಚಲ್ಲ."

"ಪರಚಲ್ಲ. ಮಂಚದ ಕೆಳಗೆ ಹೋಗಿ ಕೂರ್ತೀರಿ."

ನಾನು ನಗಲಿಲ್ಲ. ಅವರು ನನ್ನ ಮುಖ ನೋಡಿ, ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆ ತಳ್ಳಿದರು. ಕ್ಷಮೆ ಕೇಳುವ ರೀತಿ ಅದು ಅವರದು.

ಒಂದು ದಿನ ಅಂಗಡಿ ತುಂಬಿತ್ತು. ಬಾಗಿಲಿಗೆ ಬೆನ್ನು ಮಾಡಿ ಕೂರುವ ಕುರ್ಚಿ ಮಾತ್ರ ಖಾಲಿ. ಕೂತೆ. ಎರಡು ಗುಟುಕು ಕುಡಿಯುವಷ್ಟರಲ್ಲಿ ಕತ್ತು ತಾನಾಗಿ ಹಿಂದಕ್ಕೆ ಹೊರಳತೊಡಗಿತು.

"ಬದಲಾಯಿಸ್ಕೊಳ್ಳೋಣ್ವಾ?" ಎಂದರು ಅವರು. "ನೀವು ಯಾವಾಗ್ಲೂ ಬಾಗಿಲ ಕಡೆ ಮುಖ ಮಾಡಿ ಕೂರೋದು. ಯಾರನ್ನ ಕಾಯ್ತೀರಿ?"

"ಯಾರನ್ನೂ ಇಲ್ಲ. ನಮ್ಮ ಮನೇಲಿ ಎಲ್ಲರೂ ಹಾಗೇ. ಅಮ್ಮ ಊಟಕ್ಕೆ ಕೂತರೂ ಹಾಗೇ."

ಅವರು ಎದ್ದರು. ನನಗೆ ತಮ್ಮ ಕುರ್ಚಿ ಬಿಟ್ಟುಕೊಟ್ಟು, ನಾನು ಬಿಟ್ಟದ್ದನ್ನು ಎಳೆದು ತಂದು ನನ್ನ ಪಕ್ಕದಲ್ಲೇ ಹಾಕಿಕೊಂಡು ಕೂತರು. ಈಗ ಇಬ್ಬರ ಮುಖವೂ ಬಾಗಿಲ ಕಡೆ. ಸಿನಿಮಾ ನೋಡಲು ಕೂತವರ ಹಾಗೆ.

"ಸರಿ," ಎಂದರು. "ಯಾರು ಬರ್ತಾರೋ ಇಬ್ಬರೂ ಸೇರಿ ನೋಡೋಣ."

ಅವರ ತೋಳು ನನ್ನ ತೋಳಿಗೆ ತಾಗುತ್ತಿರಲಿಲ್ಲ. ನಡುವೆ ಒಂದು ಎಳೆ ದೂರ ಇತ್ತು. ಆ ದೂರ ಬೆಚ್ಚಗಿತ್ತು. ಮನೆಗೆ ಬಂದ ಮೇಲೂ ಆ ತೋಳು ನನ್ನದಲ್ಲವೆನಿಸುತ್ತಿತ್ತು.

ಇಂಥ ಸುಖದ ನಡುವೆಯೇ ಅವರ ಬಾಯಿಂದ ಕೆಲವು ಮಾತು ಬರುತ್ತಿದ್ದವು. ಬೇರೆ ಯಾವ ಹೆಣ್ಣಾದರೂ ದಿಂಬಿನ ಕೆಳಗಿಟ್ಟುಕೊಂಡು ಮಲಗುವಂಥ ಮಾತು. "ನಿಮ್ಮನ್ನ ನೋಡಿದ್ರೆ ಎಷ್ಟೋ ವರ್ಷದಿಂದ ಕಾಯ್ತಿದ್ದ ಹಾಗೆ ಅನ್ಸುತ್ತೆ." ನನಗೆ ಮಾತ್ರ ಎದೆ ಧಸಕ್ಕೆನ್ನುತ್ತಿತ್ತು. ಕಾಯುತ್ತಿದ್ದವರು ಯಾರು? ನನ್ನನ್ನು ನೋಡುತ್ತಿರುವುದು ಡಾಕ್ಟರೋ, ನಾನೇ ಕಿಟಕಿಯ ಹತ್ತಿರ ನಿಲ್ಲಿಸಿದ ಆ ಮನುಷ್ಯನೋ?

ಹುಚ್ಚು ಅನುಮಾನ ಎಂದು ನನಗೂ ಗೊತ್ತಿತ್ತು. ಆದರೆ ತೀರಾ ಅಪರೂಪದ್ದನ್ನೂ ಬರೆದಿಡುವುದು ನನ್ನ ವೃತ್ತಿ. ಬಿಡಿಸಿಬಿಟ್ಟರೆ ಸಂಶಯ ತೀರುತ್ತದೆ. ಬಿಡಿಸಿದ ಮೇಲೆ ಆ ನೋಟವೂ ಹೊರಟುಹೋದರೆ? ಆ ನೋಟಕ್ಕಾಗಿ ನಾನು ವಾರವಿಡೀ ಬದುಕಿರುತ್ತಿದ್ದೆ.

ಪಾರ್ಕಿನಲ್ಲಿ ನಡೆಯುವಾಗ ಒಂದು ಸಂಜೆ ಅವರು ಕೇಳಿಯೇಬಿಟ್ಟರು. ಸುತ್ತುಬಳಸು ಇಲ್ಲದೆ, ನಾಯಿಗೆ ಸೂಜಿ ಚುಚ್ಚುವಷ್ಟು ಚುರುಕಾಗಿ.

"ನನ್ನ ಜೊತೆ ಇರ್ತೀರಾ? ಮದುವೆ ಆಗಿ."

ಬಾಯಿ ತನ್ನ ಹಳೆಯ ಪಾಠ ಒಪ್ಪಿಸಿತು. "ಸ್ವಲ್ಪ ಸಮಯ ಕೊಡಿ. ಮನೇಲಿ ಕೇಳಿ ಹೇಳ್ತೀನಿ."

"ಅವಸರ ಏನಿಲ್ಲ," ಎಂದರು ಅವರು. ಮುಖದಲ್ಲಿ ಬೇಸರದ ಒಂದು ಗೆರೆಯೂ ಇಲ್ಲ. "ಎಷ್ಟು ದಿನ ಆದ್ರೂ ಕಾಯ್ತೀನಿ."

ಅದೇ ದನಿ. ಕಿಟಕಿಯ ಹತ್ತಿರದ ದನಿ.

*

"ಅಮ್ಮ, ಮದುವೆಗೆ ಮುಂಚೆ ಅಜ್ಜಿಗೆ ಯಾರೋ ಇದ್ರಲ್ಲ, ಅವರು ಯಾರು?"

ಅಮ್ಮ ಬಟ್ಟೆ ಮಡಚುತ್ತಿದ್ದಳು. ಟವೆಲಿನ ಅಂಚಿಗೆ ಅಂಚು ಕೂಡಿಸುತ್ತಿದ್ದ ಕೈ ನಿಂತಿತು.

"ಈಗ್ಯಾಕೆ ಅದು?"

"ಹೇಳಮ್ಮ."

"ಏನಂತ ಹೇಳ್ಲಿ. ಎದುರು ಅಂಗಡಿ ದರ್ಜಿ. ನಮ್ಮ ಹಳೇ ಮನೆ ಇತ್ತಲ್ಲ, ಬಾಗಿಲು ತೆಗೆದ್ರೆ ರಸ್ತೆ ಆಚೆ ಅವರ ಮಷಿನ್ನು." ಅಮ್ಮ ಟವೆಲನ್ನು ಬಿಡಿಸಿ ಮತ್ತೆ ಮೊದಲಿನಿಂದ ಮಡಚಿದಳು. "ಕೇಳಿದ್ರಂತೆ ಅಜ್ಜೀನ. ಇವಳು ಸ್ವಲ್ಪ ತಾಳಿ, ಮನೇಲಿ ಕೇಳಿ ಹೇಳ್ತೀನಿ ಅಂದಳಂತೆ."

"ಮನೇಲಿ ಬೇಡ ಅಂದ್ರಾ?"

"ಎಲ್ಲಿ ಕೇಳಿದಳು? ಕೇಳೋಕೆ ಧೈರ್ಯ ಬರಲೇ ಇಲ್ಲ. ಆಮೇಲೆ ತಾತ ಮನೆ ಅಳಿಯನಾಗಿ ಬಂದ್ರು. ದರ್ಜಿ ಅಲ್ಲೇ ಇದ್ರು. ಮದುವೆ ಆಗ್ಲಿಲ್ಲ, ಅಂಗಡಿ ಬಿಡ್ಲಿಲ್ಲ. ನನ್ನ ಸ್ಕೂಲ್ ಯೂನಿಫಾರ್ಮ್ ಹೊಲಿದದ್ದೂ ಅವರೇ. ಅಳತೆ ತಗೊಳ್ಳೋವಾಗ ಒಂದು ಮಾತಾಡ್ತಿರಲಿಲ್ಲ."

"ಅಜ್ಜಿ?"

"ನಿಮ್ಮಜ್ಜಿ ಬದುಕಿರೋವರೆಗೂ ಬಾಗಿಲಿಗೆ ಮುಖ ಮಾಡಿ ಊಟಕ್ಕೆ ಕೂತಳು. ನಾನು ಅವಳ ಪಕ್ಕ ಕೂತು ತಿಂದು ಬೆಳೆದವಳು. ನನಗೂ ಹಾಗೇ ರೂಢಿ ಆಯ್ತು." ಅಮ್ಮ ನಕ್ಕಳು, ಆದರೆ ನಗು ಅರ್ಧಕ್ಕೇ ನಿಂತಿತು. "ನಿಮ್ಮಪ್ಪ ಒಂದು ಸಲ ಕೇಳಿದ್ರು, ಯಾರನ್ನೇ ನೋಡ್ತೀಯ ಆಚೆ ಅಂತ. ನನಗ್ಯಾರಿದ್ರು ಆಚೆ? ರಸ್ತೆ ಬಿಟ್ಟು ಏನಿರ್ಲಿಲ್ಲ. ಅವರಿಗೆ ಅದನ್ನ ನಂಬೋಕಾಗ್ಲಿಲ್ಲ ಅನ್ಸುತ್ತೆ."

ಅಪ್ಪ ಅಮ್ಮ ಬೇರೆಯಾದದ್ದಕ್ಕೆ ನನಗೆ ಇದುವರೆಗೆ ಕಾರಣವೇ ಸಿಕ್ಕಿರಲಿಲ್ಲ.

"ನಿನ್ನ ಮೊದಲಿನ ಸಂಬಂಧ ಮುರಿದಾಗ ನಾನು ಯಾಕೆ ಅಂತ ಕೇಳ್ಲಿಲ್ಲ," ಎಂದಳು ಅಮ್ಮ ಮೆಲ್ಲಗೆ. "ಕೇಳಿದ್ರೆ ನೀನು ಏನು ಹೇಳ್ತೀಯ ಅಂತ ಗೊತ್ತಿತ್ತು. ಈಗ ಯಾರಿಗೆ ತಾಳಿ ಅಂದು ಬಂದಿದ್ದೀಯ?"

ನಾನು ಅಮ್ಮನ ಮಡಿಲಲ್ಲಿದ್ದ ಟವೆಲಿನ ರಾಶಿಗೆ ಮುಖ ಒತ್ತಿದೆ. ಡಾಕ್ಟರು ಆ ಪಾತ್ರದಲ್ಲೇ ಉಳಿದುಬಿಟ್ಟಿದ್ದಾರೆ ಎಂದಷ್ಟೇ ಹೆದರಿದ್ದೆ. ಅಜ್ಜಿಯ ಮಾತನ್ನು ಅಜ್ಜಿಗಿಂತ ಚೊಕ್ಕವಾಗಿ ಹೇಳಿ ಅವರನ್ನು ದರ್ಜಿಯಾಗಿ ಉಳಿಸುತ್ತಿದ್ದವಳು ನಾನೇ ಎಂದು ತಿಳಿದಿರಲಿಲ್ಲ.

ಅಕ್ಕನಿಗೆ ಫೋನ್ ಮಾಡಿದೆ. ಹಿಂದೆ ಕೂಸು ಅಳುವ ಸದ್ದು.

"ಅವರನ್ನ ಬಿಡಿಸಲೇ ಇಲ್ವಾ? ನನ್ನ ತಲೆ ಎಲ್ಲಿತ್ತೋ," ಎಂದರು ಅಕ್ಕ. "ನಿಲ್ಲಿಸಿದವರು ನೀವು, ನೀವೇ ಬಿಡಿಸಬಹುದು. ಹೆಗಲ ಮೇಲೆ ಕೈ ಇಡಿ. ಹೇಳಬೇಕಾದ್ದು ಹೇಳಿ. ಆಮೇಲೆ ಕೈ ತೆಗೀರಿ. ಅದೇ ಮುಖ್ಯ ಕಣಮ್ಮ, ಕೈ ತೆಗೆಯೋದು. ಅವರು ತಣ್ಣೀರಲ್ಲಿ ಕೈ ತೊಳ್ಕೊಳ್ಳಲಿ."

"ತೊಳ್ಕೊಂಡ ಮೇಲೆ ಅವರು..."

"ಅದು ನನಗೆ ಗೊತ್ತಿಲ್ಲಮ್ಮ. ಯಾರಿಗೂ ಗೊತ್ತಿರಲ್ಲ."

*

ಅವರ ಕ್ಲಿನಿಕ್ಕಿಗೆ ನಾನು ಹೋಗಿದ್ದು ಅದೇ ಮೊದಲು. ಬೆಂಚಿನ ತುಂಬ ಬುಟ್ಟಿ, ಹಗ್ಗ, ಪಂಜರ. ಕೌಂಟರಿನ ಹೆಂಗಸು ನನ್ನ ಖಾಲಿ ಕೈ ನೋಡಿದಳು.

"ಪ್ರಾಣಿ ಎಲ್ಲಿ?"

"ನಾನೇ."

ಅವಳು ಮೇಲಿನಿಂದ ಕೆಳಗೆ ನೋಡಿ, "ಒಳಗೆ ಹೋಗಿ," ಎಂದಳು. ಇಂಥವರನ್ನು ಬಹಳ ಕಂಡವಳ ಹಾಗೆ.

ಡಾಕ್ಟರು ಮೊಲವೊಂದರ ಉಗುರು ಕತ್ತರಿಸುತ್ತಿದ್ದರು. ನನ್ನನ್ನು ಕಂಡು ಮುಖ ಅರಳಿತು. ಅದೇ ನೋಟ, ತಡವಾಗಿ ಬಂದ ರೈಲು. ಮನಸ್ಸಿನಲ್ಲೇ ಅದಕ್ಕೆ ಕೈ ಬೀಸಿದೆ. ಆಮೇಲೆ ಎಲ್ಲವನ್ನೂ ಹೇಳಿದೆ. ದರ್ಜಿ, ಬಾಗಿಲು, ನೀರಿನ ಬಾಟಲಿ, ಬಿಡಿಸದೆ ಉಳಿದದ್ದು. ಅವರು ಮೊಲವನ್ನು ಎದೆಗೆ ಅವಚಿಕೊಂಡು ಕೇಳಿದರು. ಮುಗಿಸುವ ಹೊತ್ತಿಗೆ ಮೊಲ ನಿದ್ದೆ ಹೋಗಿತ್ತು.

"ಅಂದ್ರೆ," ಎಂದರು ನಿಧಾನವಾಗಿ, "ಇಷ್ಟು ದಿನ ನೀವು ಕಾಫಿ ಕುಡಿದದ್ದು ನಿಮ್ಮ ಅಜ್ಜಿಯ ದರ್ಜಿ ಜೊತೆ."

"ಹಾಗಲ್ಲ..."

"ಹಾಗೇ. ನಾನು ನಿಮಗೋಸ್ಕರ ಬೆಕ್ಕಿನ ಆಪರೇಷನ್ನು ಮುಂದೂಡಿ ಬರ್ತಿದ್ದೆ. ನೀವು ನನ್ನ ಮುಖದಲ್ಲಿ ಅವರನ್ನ ಹುಡುಕ್ತಿದ್ರಿ." ನೋವು ದನಿಯಲ್ಲಿ ಇರಲಿಲ್ಲ, ಮೊಲದ ಕಿವಿ ಸವರುತ್ತಿದ್ದ ಬೆರಳಿನಲ್ಲಿತ್ತು.

"ನಿಮ್ಮನ್ನ ಹುಡುಕ್ತಿದ್ದೆ," ಎಂದೆ. "ಅವರಿದಾರೋ ಅನ್ನೋ ಭಯದಲ್ಲಿ."

ಅವರು ಮೊಲವನ್ನು ಬುಟ್ಟಿಗಿಳಿಸಿದರು. ಬೆನ್ನು ತಿರುಗಿಸಿ ನಿಂತರು. "ಬಿಡಿಸಿ."

ಕೈ ಇಟ್ಟೆ. ಕೋಟಿನ ಒಳಗೆ ಹೆಗಲು ಬಿಗಿದಿತ್ತು. ಬೆಕ್ಕಿನ ಕೂದಲು ಇವತ್ತು ಕಂದು ಬಣ್ಣದ್ದು. ಇದೇ ಕೊನೆಯ ಸಲವಿರಬಹುದೆಂದು ನನ್ನ ಅಂಗೈ ಆ ಬಿಸಿಯನ್ನೆಲ್ಲ ಕುಡಿದುಕೊಂಡಿತು.

"ನೀವು ಅವರಲ್ಲ," ಎಂದೆ. "ನನ್ನ ಅಜ್ಜಿ ಕಾಯಿಸಿದ್ದು ನಿಮ್ಮನ್ನಲ್ಲ. ನಮ್ಮ ಮನೆಗೋಸ್ಕರ ನಿಂತಿದ್ದಕ್ಕೆ ಧನ್ಯವಾದ. ನೀವು ನೀವೇ. ನೀವು ಹೊರಡಬಹುದು."

ಹೇಳುವುದು ಸುಲಭ. ಕೈ ತೆಗೆಯುವುದು? ಅಂಟು ಹಾಕಿದ್ದ ಹಾಗಿತ್ತು. ಒಂದೊಂದೇ ಬೆರಳು ಎತ್ತಿದೆ.

ಅವರು ಸಿಂಕಿನ ಹತ್ತಿರ ಹೋದರು. ನಲ್ಲಿ ಬಿಟ್ಟರು. ಮೊಣಕೈವರೆಗೂ ತೊಳೆದರು. ನೀರು ಬೀಳುತ್ತಲೇ ಇತ್ತು. ನನಗೆ ಬೆನ್ನು ಮಾತ್ರ ಕಾಣುತ್ತಿತ್ತು, ಮೊದಲ ದಿನದ ಹಾಗೆಯೇ.

ನಲ್ಲಿ ನಿಂತಿತು. ಅವರು ತಿರುಗಿದರು.

ನೋಟ ಹೋಗಿತ್ತು.

ಅದನ್ನು ಅಷ್ಟು ದಿನ ಕಲಿತಿದ್ದವಳಿಗೆ ತಿಳಿಯದೆ ಇರುತ್ತದೆಯೇ. ಆ ತಂಪು, ಆ ನೆಮ್ಮದಿ, ಯಾವುದೂ ಇರಲಿಲ್ಲ. ಕೈಯಿಂದ ನೀರು ತೊಟ್ಟಿಕ್ಕುತ್ತಿದ್ದ ಒಬ್ಬ ಮನುಷ್ಯ ನಿಂತಿದ್ದರು; ಕಿವಿ ಕೆಂಪಗೆ, ಹುಬ್ಬು ಗಂಟು.

"ಏನಾದ್ರೂ ಬದಲಾಯ್ತಾ?" ನನ್ನ ದನಿ ನನಗೇ ಕೇಳಲಿಲ್ಲ.

"ಆಯ್ತು."

"ಸರಿ." ಬ್ಯಾಗನ್ನು ಹೆಗಲಿಗೇರಿಸಿಕೊಂಡೆ. "ಪರವಾಗಿಲ್ಲ. ನಾನೇ ಅಂದ್ಕೊಂಡಿದ್ದೆ..."

"ಎಷ್ಟು ದಿನ ಆದ್ರೂ ಕಾಯ್ತೀನಿ ಅಂದಿದ್ನಲ್ಲ," ಎಂದರು ಅವರು. "ಅದನ್ನ ವಾಪಸ್ ತಗೊಳ್ತೀನಿ. ಹೇಗೆ ಅಂದ್ನೋ ಗೊತ್ತಿಲ್ಲ. ನನ್ನಿಂದ ಆಗಲ್ಲ."

ನಾನು ನಿಂತಲ್ಲೇ ನಿಂತೆ.

"ಬಸ್ ಸ್ಟಾಪಲ್ಲಿ ಐದು ನಿಮಿಷ ಕಾಯೋಕಾಗದೆ ನಡ್ಕೊಂಡು ಹೋಗೋನು ನಾನು. ನೀವು ಮನೇಲಿ ಕೇಳಿ ಹೇಳ್ತೀರಿ ಅಂತ ವರ್ಷಗಟ್ಟಲೆ ಎದುರು ಅಂಗಡೀಲಿ ಕೂರೋ ಯೋಗ್ಯತೆ ನನಗಿಲ್ಲ. ಬೇಡ ಅನ್ನೋದಾದ್ರೆ ಬೇಡ ಅನ್ನಿ, ನಾಲ್ಕು ದಿನ ಅಳ್ತೀನಿ. ಆದ್ರೆ ಇವತ್ತು ಹೇಳಿ." ಟವೆಲಿಗಾಗಿ ಸುತ್ತ ನೋಡಿ, ಸಿಗದೆ, ಕೋಟಿಗೇ ಕೈ ಒರೆಸಿಕೊಂಡರು. "ಯಾಕೆ ಹಾಗೆ ನೋಡ್ತೀರಿ? ನನಗೆ ಭಯ ಆಗ್ತಿದೆ. ಮುಂಚೆ ಆಗಿರ್ಲಿಲ್ಲ."

ಭಯ. ಅದರ ಮೂಗು, ಬಾಯಿ, ನಡಿಗೆ ಎಲ್ಲ ನನಗೆ ಚಿಕ್ಕಂದಿನಿಂದ ಗೊತ್ತು. ಇಷ್ಟು ತಿಂಗಳಲ್ಲಿ ಮೊದಲ ಸಲ ಅವರ ಮುಖದಲ್ಲಿ ನನಗೆ ಪರಿಚಯದ ಒಂದು ಊರು ಕಂಡಿತು. ದರ್ಜಿಗೆ ಹೆದರಿಕೆ ಇರಲಿಲ್ಲ. ಕಳೆದುಕೊಳ್ಳುವುದನ್ನೆಲ್ಲ ಅವರು ಎಂದೋ ಕಳೆದುಕೊಂಡಿದ್ದರು. ಇವರಿಗೆ ಇನ್ನೂ ಇತ್ತು ಕಳೆದುಕೊಳ್ಳಲು. ಇಲ್ಲೇ, ಔಷಧಿ ವಾಸನೆಯ ಈ ಕೋಣೆಯಲ್ಲೇ, ಬ್ಯಾಗು ಹಿಡಿದು ನಿಂತಿತ್ತು ಅದು.

ಗಂಟಲಲ್ಲಿ 'ಸ್ವಲ್ಪ' ಎಂಬ ಮಾತು ಎದ್ದು ಬಂತು. ನುಂಗಿದೆ. ಮಾತ್ರೆ ನುಂಗಿದಷ್ಟು ಕಷ್ಟವಾಯಿತು.

"ಹೂಂ," ಎಂದೆ.

"ಹೂಂ ಅಂದ್ರೆ?"

"ಹೂಂ ಅಂದ್ರೆ ಹೂಂ."

"ಮನೇಲಿ?"

"ಕೇಳಲ್ಲ. ಹೇಳ್ತೀನಿ."

ಅವರು ನಗಲಿಲ್ಲ. ನನ್ನ ಬಳಿ ಬಂದು, ತೊಳೆದ ಒದ್ದೆ ಕೈಗಳಿಂದ ನನ್ನ ಎರಡೂ ಕೈ ಹಿಡಿದರು. ಆ ಹಿಡಿತ ತಣ್ಣಗಿತ್ತು, ಬಿಗಿಯಾಗಿತ್ತು. ಗೀರುಗಳೆಲ್ಲ ಅಂಗೈಗೆ ತಾಗಿದವು.

ಬಾಗಿಲು ತಟ್ಟಿದ ಸದ್ದಾಯಿತು. ಕೌಂಟರಿನ ಹೆಂಗಸು ತಲೆ ಒಳಗೆ ಹಾಕಿದಳು. "ಡಾಕ್ಟ್ರೇ, ಬೆಂಚು ಪೂರ್ತಿ ಕಾಯ್ತಿದಾರೆ."

"ಕಾಯ್ಲಿ," ಎಂದರು ಅವರು, ನನ್ನ ಕೈ ಬಿಡದೆ.